ಫಿಂಚ್ ಪಂಜರ: ಎತ್ತರಕ್ಕೆ ಮರುಳಾಗಬೇಡಿ, ಉದ್ದ ಅಳೆಯಿರಿ

ಕಳೆದ ತಿಂಗಳು ಪಕ್ಕದ ಊರಿನ ಹುಡುಗನೊಬ್ಬ ಫೋನ್ ಮಾಡಿದ. ಜೀವಾಮೃತದ ವಿಷಯ ಕೇಳ್ತಾನೇನೋ ಅಂದುಕೊಂಡೆ. "ಅಕ್ಕಾ, ಎರಡಡಿ ಪಂಜರದಲ್ಲಿ ಎಷ್ಟು ಜೊತೆ ಫಿಂಚ್ ಹಿಡಿಸ್ತವೆ?" ಅಂದ. ಮೊಬೈಲಲ್ಲಿ ಯಾವುದೋ ವಿಡಿಯೋ ನೋಡಿದ್ದಾನೆ, ಕೊಟ್ಟಿಗೆ ಪಕ್ಕದ ಖಾಲಿ ಜಾಗದಲ್ಲಿ ಒಂದಿಷ್ಟು ಸಾಕೋಣ ಅಂತ ಆಸೆ. ತುಂಬಿಸೋದಾದರೆ ಹತ್ತು ಜೊತೆನೂ ತುಂಬಿಸಬಹುದು, ಬದುಕಿಸೋದು ಬೇರೆ ಲೆಕ್ಕ ಅಂದೆ. ಪಾಪ, ಸುಮ್ಮನಾಗಿಬಿಟ್ಟ. ಸ್ವಲ್ಪ ಗಟ್ಟಿಯಾಗೇ ಹೇಳಿದೆ ಅನ್ಸುತ್ತೆ. ಆದರೆ ಆ ತಪ್ಪನ್ನ ನಾನೇ ಮಾಡಿ ಅನುಭವಿಸಿದ್ದೇನೆ.

ನಾಲ್ಕು ವರ್ಷದ ಹಿಂದೆ ಮಗಳ ಹುಟ್ಟುಹಬ್ಬಕ್ಕೆ ಅಂತ ಒಂದು ಜೊತೆ ಝೀಬ್ರಾ ಫಿಂಚ್ ತಂದೆವು. ಕಿತ್ತಳೆ ಬಣ್ಣದ ಕೊಕ್ಕು, ಗಂಡಿಗೆ ಎದೆ ಮೇಲೆ ಗೆರೆ, ಕೆನ್ನೆ ಮೇಲೆ ಕಂದು ಮಚ್ಚೆ. ಮೂಲ ಆಸ್ಟ್ರೇಲಿಯಾದ ಹಕ್ಕಿ, ತೂಕ ಸುಮಾರು 12 ಗ್ರಾಂ ಅಷ್ಟೆ. ಅಂಗಡಿಯವರು ಅದರ ಜೊತೆ ಒಂದು ಗುಂಡನೆಯ ಪಂಜರನೂ ಕೊಟ್ಟರು. ಅಗಲ 14 ಇಂಚು, ಎತ್ತರ ಎರಡೂವರೆ ಅಡಿ, ಮೇಲೆ ಗೋಪುರದ ಹಾಗೆ ಚೂಪು. ಹಜಾರದಲ್ಲಿ ನೇತು ಹಾಕಿದರೆ ಬಲು ಚಂದ ಕಾಣ್ತಿತ್ತು. ನಾನು ಮೂಡಿಗೆರೆಯಲ್ಲಿ ತೋಟಗಾರಿಕೆ ಪದವಿ ಮಾಡಿದವಳು. ತೆಂಗಿಗೆ 30 ಅಡಿ, ಅಡಿಕೆಗೆ 9 ಅಡಿ ಅಂತ ಹಗ್ಗ ಹಿಡಿದು ಗೂಟ ಹೊಡೆಸುವವಳು. ಕದಲದೆ ನಿಲ್ಲೋ ಗಿಡಕ್ಕೆ ಅಷ್ಟು ಲೆಕ್ಕ ಹಾಕ್ತೀನಿ, ಹಾರೋ ಹಕ್ಕಿಗೆ ಎಷ್ಟು ಜಾಗ ಬೇಕು ಅಂತ ಆವತ್ತು ಒಂದು ಸಲವೂ ಯೋಚನೆ ಮಾಡಲಿಲ್ಲ.

ಎರಡು ಮೂರು ವಾರದಲ್ಲಿ ಹೆಣ್ಣಿನ ಕುತ್ತಿಗೆ ಹಿಂದೆ ಪುಕ್ಕ ಕಡಿಮೆಯಾಗ್ತಾ ಬಂತು. ಗಂಡು ಕಿತ್ತು ಹಾಕ್ತಿತ್ತು. ಗಂಡಿಗೂ ಒಂದು ಅಭ್ಯಾಸ ಹತ್ತಿಕೊಂಡಿತು: ಮೇಲಿನ ಕಡ್ಡಿ ಮೇಲೆ ಕೂತು ತಲೆಯನ್ನ ಹಿಂದಕ್ಕೆ ತಿರುಗಿಸಿ, ಅದೇ ಜಾಗಕ್ಕೆ ಲಾಗ ಹಾಕೋದು. ದಿನವಿಡೀ ಅದೇ. ಮಗಳು "ಅಮ್ಮಾ ಡ್ಯಾನ್ಸ್ ಮಾಡ್ತಿದೆ" ಅಂತ ಚಪ್ಪಾಳೆ ತಟ್ತಿದ್ದಳು, ನಾವೂ ನಗ್ತಿದ್ದೆವು. ಅದು ಡ್ಯಾನ್ಸ್ ಅಲ್ಲ. ಹಾರೋಕೆ ಜಾಗ ಇಲ್ಲದ ಹಕ್ಕಿ ಒಂದೇ ಚಲನೆಯನ್ನ ಹೀಗೆ ಮತ್ತೆ ಮತ್ತೆ ಮಾಡುತ್ತೆ ಅಂತ ಆಮೇಲೆ ಗೊತ್ತಾಯಿತು.

ಗಿಳಿ ಹತ್ತುತ್ತೆ, ಫಿಂಚ್ ಹಾರುತ್ತೆ

ಲವ್ ಬರ್ಡ್ಸ್, ಬಜ್ಜಿ ಇವೆಲ್ಲ ಗಿಳಿ ಜಾತಿ. ಕೊಕ್ಕಲ್ಲಿ ಕಚ್ಚಿಕೊಂಡು, ಕಾಲಲ್ಲಿ ಹಿಡಿದುಕೊಂಡು ಸರಳಿನ ಮೇಲೆ ಏಣಿ ಹತ್ತಿದ ಹಾಗೆ ಹತ್ತುತ್ತವೆ. ಅವಕ್ಕೂ ಉದ್ದ ಬೇಕು, ಆದರೂ ಎತ್ತರವನ್ನ ಒಂದಿಷ್ಟು ಬಳಸಿಕೊಳ್ತವೆ. ಫಿಂಚ್ ಹಾಗಲ್ಲ. ಅದು ಒಂದು ಕೊಂಬೆಯಿಂದ ಇನ್ನೊಂದು ಕೊಂಬೆಗೆ ಅಡ್ಡಡ್ಡವಾಗಿ ಹಾರೋ ಹಕ್ಕಿ. ಹೆಲಿಕಾಪ್ಟರ್ ಥರ ನೆಟ್ಟಗೆ ಮೇಲಕ್ಕೆ ಏಳೋಕೆ ಅದಕ್ಕೆ ಕಷ್ಟ. ಹಾಗಾಗಿ ಎರಡೂವರೆ ಅಡಿ ಎತ್ತರದ ಗೋಪುರದಲ್ಲಿ ಅದಕ್ಕೆ ಉಪಯೋಗಕ್ಕೆ ಬರೋದು 14 ಇಂಚು ಮಾತ್ರ.

ಅದರಲ್ಲೂ ಪೂರ್ತಿ ಸಿಗಲ್ಲ. ಆ ಕಡೆ ಈ ಕಡೆ ಕಡ್ಡಿ ಕಟ್ಟುವಾಗ ಬಾಲ ಸರಳಿಗೆ ತಾಗದ ಹಾಗೆ 4 ಇಂಚು ಬಿಡಲೇಬೇಕು. 14ರಲ್ಲಿ 8 ಹೋದರೆ ಉಳಿದದ್ದು 6 ಇಂಚು. ಹಕ್ಕಿಯ ಮೈ ಉದ್ದವೇ ಸುಮಾರು 4 ಇಂಚು. ರೆಕ್ಕೆ ಬಿಚ್ಚೋ ಅಗತ್ಯವೇ ಬರಲ್ಲ, ಒಂದು ಕುಪ್ಪಳಿಸಿದರೆ ಮುಗೀತು. ಪಂಜರ ಕೊಳ್ಳುವಾಗ ಹೊರಗಿನ ಅಳತೆ ನೋಡಬೇಡಿ, ಈ ಕಡ್ಡಿಯಿಂದ ಆ ಕಡ್ಡಿಗೆ ಎಷ್ಟು ದೂರ ಸಿಗುತ್ತೆ ಅಂತ ಟೇಪ್ ಹಿಡಿದು ನೋಡಿ.

ಒಂದು ಜೊತೆ ಝೀಬ್ರಾ ಅಥವಾ ಬೆಂಗಾಲೀಸ್ ಫಿಂಚಿಗೆ ಸಾಮಾನ್ಯವಾಗಿ ಹೇಳೋ ಕನಿಷ್ಠ ಅಳತೆ 30 ಇಂಚು ಉದ್ದ, 18 ಇಂಚು ಅಗಲ, 18 ಇಂಚು ಎತ್ತರ. ಇದು ಕನಿಷ್ಠ, ಆದರ್ಶ ಅಲ್ಲ. ನನ್ನ ಕೇಳಿದರೆ 4 ಅಡಿ ಉದ್ದಕ್ಕಿಂತ ಕಡಿಮೆ ಮಾಡಬೇಡಿ. ಹಳ್ಳಿ ಮನೆಯಲ್ಲಿ ಜಾಗಕ್ಕೇನು ಬರ? ಎತ್ತರ ಎರಡಡಿ ಇದ್ದರೆ ಧಾರಾಳ. ಗೋಲ್ಡಿಯನ್ ಫಿಂಚಿಗೆ 4 ಅಡಿಯಿಂದಲೇ ಶುರು ಮಾಡಿ. ಜಾವಾ ಗುಬ್ಬಿ ಇವುಗಳಿಗಿಂತ ದಪ್ಪ, ಅದಕ್ಕೆ ಇನ್ನೂ ಉದ್ದ ಇರಲಿ. ಜೊತೆಗೆ ಅದು ಸೈಟಿಸ್ ಪಟ್ಟಿಯಲ್ಲಿರೋ ಹಕ್ಕಿ, ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು ಅನ್ನೋದು ನೆನಪಿರಲಿ.

ಎರಡು ಜೊತೆ ಆದರೆ ಉದ್ದ ಎರಡರಷ್ಟು ಮಾಡಿದರೆ ಸಾಕಾ ಅಂತ ಕೇಳ್ತಾರೆ. ಎರಡೇ ಜೊತೆ ಇಟ್ಟರೆ ಒಂದು ಜೊತೆ ಇನ್ನೊಂದನ್ನ ಅಟ್ಟಾಡಿಸೋದು ಜಾಸ್ತಿ. ಒಂದೇ ಜೊತೆ ಇಡಿ, ಇಲ್ಲಾಂದ್ರೆ 6 ಅಡಿ ಮಾಡಿ ಮೂರು ಜೊತೆ ಬಿಡಿ. ಜಗಳ ಹಂಚಿ ಹೋಗುತ್ತೆ.

ಎರಡು ಹಕ್ಕಿ ಆರಾಗೋಕೆ ಎರಡು ತಿಂಗಳು ಸಾಕು

ವಿಡಿಯೋಗಳಲ್ಲಿ ಹೇಳದ ಲೆಕ್ಕ ಇದು. ಝೀಬ್ರಾ ಫಿಂಚ್ ಗೂಡು ಸಿಕ್ಕಿದರೆ ಮೊಟ್ಟೆ ಇಡೋಕೆ ಮುಹೂರ್ತ ನೋಡಲ್ಲ. ಒಂದು ಸಲಕ್ಕೆ 4ರಿಂದ 6 ಮೊಟ್ಟೆ. ಎರಡು ವಾರದೊಳಗೆ ಮರಿ, ಇನ್ನು ಮೂರು ವಾರಕ್ಕೆ ಮರಿಗಳು ಗೂಡಿನಿಂದ ಹೊರಗೆ. ಮರಿ ಇನ್ನೂ ತಾನಾಗಿ ಕಾಳು ಬಿಡಿಸೋದು ಕಲಿಯೋ ಹೊತ್ತಿಗೆ ಅಪ್ಪ ಅಮ್ಮ ಮುಂದಿನ ಮೊಟ್ಟೆಗೆ ತಯಾರು.

ನಮ್ಮ ಗುಂಡು ಪಂಜರದಲ್ಲೂ ಹಾಗೇ ಆಯಿತು. ಅಂಗಡಿಯವರು ಕೊಟ್ಟಿದ್ದ ಮಣ್ಣಿನ ಕುಡಿಕೆಯಲ್ಲಿ ಮೊಟ್ಟೆ ಇಟ್ಟವು, ನಾಲ್ಕು ಮರಿ ಉಳಿದವು. ಮನೆಯಲ್ಲಿ ಸಂಭ್ರಮವೋ ಸಂಭ್ರಮ. 14 ಇಂಚಿನಲ್ಲಿ ಆರು ಹಕ್ಕಿ. ಎರಡನೇ ಸಲ ಗೂಡು ಕಟ್ಟೋಕೆ ಶುರು ಮಾಡಿದ ಗಂಡು ತನ್ನ ಮರಿಗಳನ್ನೇ ಕುಕ್ಕೋಕೆ ಹಿಡಿಯಿತು. ದೊಡ್ಡ ಪಂಜರ ಆಗಿದ್ದರೆ ಮರಿ ಆ ತುದಿಗೆ ಹಾರಿ ತಪ್ಪಿಸಿಕೊಳ್ತಿತ್ತು, ಇಲ್ಲಿ ಆ ತುದಿ ಅನ್ನೋದೇ ಇರಲಿಲ್ಲ. ಒಂದು ಬೆಳಿಗ್ಗೆ ಎಲ್ಲಕ್ಕಿಂತ ಚಿಕ್ಕ ಮರಿ ತಳದಲ್ಲಿ ಬಿದ್ದಿತ್ತು. ತಲೆ ಹಿಂದೆ ಪುಕ್ಕ ಪೂರ್ತಿ ಇರಲಿಲ್ಲ. ಮಗಳು ಸ್ಕೂಲಿಗೆ ಹೊರಡೋ ಮೊದಲು ತೆಗೆದು ನುಗ್ಗೆ ಗಿಡದ ಬುಡದಲ್ಲಿ ಮುಚ್ಚಿದೆ. ಅವಳು ಸಂಜೆ ಬಂದು ಎಣಿಸಿದಳು.

ಆ ಭಾನುವಾರವೇ ಪಂಜರ ಕಟ್ಟೋಕೆ ಕೂತೆವು.

ನಿಮಗೆ ಮರಿ ಬೇಡ ಅಂದ್ರೆ ಗೂಡಿನ ಕುಡಿಕೆ ಇಡಲೇಬೇಡಿ, ತೆಂಗಿನ ನಾರು, ಒಣ ಹುಲ್ಲು ಯಾವುದನ್ನೂ ಒಳಗೆ ಹಾಕಬೇಡಿ. ಮರಿ ಬೇಕು ಅಂದ್ರೆ ಮೊದಲು ಇನ್ನೊಂದು ಪಂಜರ ರೆಡಿ ಇರಲಿ. ಮರಿ ತಾನಾಗಿ ತಿನ್ನೋಕೆ ಶುರು ಮಾಡಿದ ಮೇಲೆ, ಅಂದಾಜು ಆರು ವಾರಕ್ಕೆ, ಬೇರೆ ಮಾಡಬೇಕು. ಗಂಡು ಹೆಣ್ಣನ್ನೂ ಬೇರೆ ಬೇರೆ ಇಡಿ, ಮೂರು ತಿಂಗಳಿಗೆಲ್ಲ ಅವು ಪ್ರಾಯಕ್ಕೆ ಬಂದುಬಿಡ್ತವೆ.

ನಾವು ಕಟ್ಟಿದ ಪಂಜರ

ಅಳತೆ 48 ಇಂಚು ಉದ್ದ, 20 ಇಂಚು ಅಗಲ, 24 ಇಂಚು ಎತ್ತರ. 4 ಅಡಿ ಅಗಲದ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ರೋಲ್ ತಗೊಂಡರೆ ಕೆಲಸ ಸುಲಭ. 88 ಇಂಚು ಕತ್ತರಿಸಿ 24, 20, 24, 20ಕ್ಕೆ ಮಡಚಿದರೆ ನಾಲ್ಕೂ ಬದಿ ಆಯಿತು. ಇನ್ನು 20 ಇಂಚು ಕತ್ತರಿಸಿ ಮಧ್ಯಕ್ಕೆ ಎರಡು ತುಂಡು ಮಾಡಿದರೆ ಎರಡು ತುದಿಯ ಮುಚ್ಚಳ. ಒಟ್ಟು 9 ಅಡಿ, ಕೈತಪ್ಪಿಗೆ ಅಂತ 10 ಅಡಿ ತನ್ನಿ. ಅರ್ಧ ಇಂಚಿಗಿಂತ ದೊಡ್ಡ ಕಣ್ಣು ಬೇಡ, ಹಕ್ಕಿ ತಲೆ ತೂರಿಸಿ ಸಿಕ್ಕಿಹಾಕಿಕೊಳ್ಳುತ್ತೆ. ಜಗಲಿಯಲ್ಲೋ ತೋಟದಲ್ಲೋ ಇಡೋದಾದರೆ ಕಾಲಿಂಚು ಕಣ್ಣಿನದೇ ಹಾಕಿ. ಹಾವಿನ ಮರಿ, ಸುಂಡಿಲಿ ಅರ್ಧ ಇಂಚಲ್ಲಿ ಆರಾಮಾಗಿ ನುಗ್ಗುತ್ತವೆ.

ಹೊಸ ಜಿಐ ಮೆಶ್ ಮೇಲೆ ಸತುವಿನ ಪುಡಿ, ಗಂಟು ಇರುತ್ತೆ, ಹಕ್ಕಿ ಕುಕ್ಕಿ ನುಂಗಿದರೆ ವಿಷ. ವಿನೆಗರ್ ಹಾಕಿ ಬ್ರಶ್ಶಲ್ಲಿ ಚೆನ್ನಾಗಿ ಉಜ್ಜಿ, ನೀರಲ್ಲಿ ತೊಳೆದು, ಕೆಲವು ದಿನ ಬಿಸಿಲಿಗೆ ಬಿಟ್ಟು ಆಮೇಲೆ ಹಕ್ಕಿ ಬಿಡಿ. ಹಿಂಭಾಗಕ್ಕೆ ನಾವು ಹಳೇ ಪ್ಲೈವುಡ್ ಹಲಗೆ ಹೊಡೆದಿದ್ದೇವೆ. ಬೆನ್ನಿಗೆ ಮರೆ ಇದ್ದರೆ ಹಕ್ಕಿಗೆ ಧೈರ್ಯ.

ಕೂರೋ ಕಡ್ಡಿಗೆ ಸೀಬೆ ರೆಂಬೆ ಒಳ್ಳೇದು. ಪೆನ್ಸಿಲ್ ದಪ್ಪದಿಂದ ಕಿರುಬೆರಳ ದಪ್ಪದವರೆಗೆ ಬೇರೆ ಬೇರೆ ಇರಲಿ, ಒಂದೇ ದಪ್ಪದ ಪ್ಲಾಸ್ಟಿಕ್ ಕಡ್ಡಿ ಕಾಲಿಗೆ ಹುಣ್ಣು ತರುತ್ತೆ. ಎರಡು ತುದಿಗೆ ಮಾತ್ರ ಕಟ್ಟಿ, ಮಧ್ಯ ಖಾಲಿ ಬಿಡಿ. ಇಲ್ಲೇ ಎಲ್ಲರೂ ಎಡವೋದು. 4 ಅಡಿ ಪಂಜರ ಕಟ್ಟಿ, ಮಧ್ಯೆ ಉಯ್ಯಾಲೆ, ಗಂಟೆ, ಕನ್ನಡಿ ತೂಗು ಹಾಕಿದರೆ ಅದು ಮತ್ತೆ ಎರಡಡಿ ಪಂಜರವೇ. ಕಾಳು ನೀರಿನ ಬಟ್ಟಲು ಕಡ್ಡಿ ಕೆಳಗೆ ಇಡಬೇಡಿ, ಹಿಕ್ಕೆ ಬೀಳುತ್ತೆ.

ಪಂಜರದ ಕಾಲಿನ ಕೆಳಗೆ ನೀರಿನ ಬಟ್ಟಲು ಇಡಿ. ಕೆಂಪಿರುವೆ ಗೂಡಿಗೆ ಹತ್ತಿದರೆ ಮರಿ ಉಳಿಯಲ್ಲ. ಪಶ್ಚಿಮದ ಗೋಡೆ ಬೇಡ, ಅಡುಗೆಮನೆ ಹತ್ತಿರ ಬೇಡ. ನಾನ್‌ಸ್ಟಿಕ್ ಬಾಣಲೆ ಕಾದು ಸೀದರೆ ಆ ಹೊಗೆಗೆ ಹಕ್ಕಿ ನಿಮಿಷಗಳಲ್ಲೇ ಸಾಯಬಹುದು. ಪಕ್ಕದ ಹೊಲದಲ್ಲಿ ಔಷಧಿ ಹೊಡೆಯೋ ದಿನ ಪಂಜರ ಒಳಗೆ ತನ್ನಿ. ಕಾಳಿಗೆ ನವಣೆ, ಸಾಮೆ, ಬರಗು ಸಾಕು. ಬಿತ್ತನೆಗೆ ಬೀಜೋಪಚಾರ ಮಾಡಿದ ಕಾಳು ಮಾತ್ರ ಅಪ್ಪಿತಪ್ಪಿಯೂ ಬೇಡ.

ಕಾನೂನಿನ ಮಾತು

ನವಣೆ ತೆನೆ ಮೇಲೆ ಕೂರೋ ರಾಟವಾಳಗಳೂ ಇದೇ ಬಳಗದವು. ಬಲೆ ಹಾಕಿ ಹಿಡಿದು ಸಾಕಬಹುದಲ್ವಾ ಅಂತ ಕೆಲವರು ಕೇಳ್ತಾರೆ. ಇಲ್ಲ. ನಮ್ಮ ಕಾಡಿನ, ಹೊಲದ ಹಕ್ಕಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಹಿಡಿಯೋದು, ಮಾರೋದು, ಸಾಕೋದು ಎಲ್ಲವೂ ಅಪರಾಧ. ಪಂಜರದ ಅಳತೆಯೂ ಬರೀ ನಮ್ಮ ಇಷ್ಟದ ವಿಷಯ ಅಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಓಡಾಡೋಕೆ ಸಾಕಷ್ಟು ಉದ್ದ, ಅಗಲ, ಎತ್ತರ ಇಲ್ಲದ ಪಂಜರದಲ್ಲಿ ಪ್ರಾಣಿ ಪಕ್ಷಿ ಇಡೋದು ಹಿಂಸೆಯೇ.

ನಿಮ್ಮ ಹತ್ತಿರ ಈಗಾಗಲೇ ಫಿಂಚ್ ಇದ್ದರೆ ಒಂದು ಕೆಲಸ ಮಾಡಿ. ಬೆಳಿಗ್ಗೆ ಹೊತ್ತು ಮೊಬೈಲನ್ನ ಪಂಜರದ ಎದುರು ನಿಲ್ಲಿಸಿ, ವಿಡಿಯೋ ಆನ್ ಮಾಡಿ ಹತ್ತು ನಿಮಿಷ ಆಚೆ ಹೋಗಿ. ನಾವು ಎದುರಿಗಿದ್ದರೆ ಅವುಗಳ ನಡವಳಿಕೆಯೇ ಬೇರೆ. ಆಮೇಲೆ ಕೂತು ನೋಡಿ: ಎಷ್ಟು ಸಲ ರೆಕ್ಕೆ ಬಡಿದು ಹಾರಿದವು, ಎಷ್ಟು ಸಲ ಬರೀ ಕುಪ್ಪಳಿಸಿದವು, ಯಾವುದಾದರೂ ಒಂದೇ ಮೂಲೆಯಲ್ಲಿ ಲಾಗ ಹಾಕ್ತಿದೆಯಾ, ಒಂದು ಇನ್ನೊಂದರ ಪುಕ್ಕ ಕೀಳ್ತಿದೆಯಾ.

ನಮ್ಮ ಆ ಗಂಡು ಹೊಸ ಪಂಜರಕ್ಕೆ ಬಂದ ಮೇಲೂ ಸುಮಾರು ದಿನ ಲಾಗ ಹಾಕ್ತಿತ್ತು. ಮೊದಲೆರಡು ದಿನವಂತೂ ಎಡತುದಿ ಬಿಟ್ಟು ಕದಲಲೇ ಇಲ್ಲ. ಮೂರನೇ ದಿನ ಆ ತುದಿಗೆ ಹಾರಿತು. ಹೆಣ್ಣಿನ ಕುತ್ತಿಗೆ ಪುಕ್ಕ ಮತ್ತೆ ತುಂಬಿಕೊಳ್ಳೋಕೆ ಎರಡು ತಿಂಗಳಾಯಿತು. ಗುಂಡು ಪಂಜರ ಈಗ ಹಿತ್ತಲಲ್ಲಿದೆ, ಅದರ ಮೇಲೆ ಬಸಳೆ ಹಬ್ಬಿಸಿದ್ದೇನೆ.