ಹುಳಿ ಬಂದ ಆಹಾರ: ಊಟಕ್ಕೆ ಒಳ್ಳೆಯದು, ಔಷಧಿಗೆ ಬದಲಲ್ಲ



ಕಳಸದ ಕಡೆಯ ಒಂದು ಸಂಘದ ಸಭೆಯಲ್ಲಿ ಸದಸ್ಯೆಯೊಬ್ಬರು ನಮ್ಮನ್ನು ಕೇಳಿದರು: “ಸಿಸ್ಟರ್, ದಿನಾ ಮಜ್ಜಿಗೆ ಕುಡಿದ್ರೆ ಅಲರ್ಜಿ ಹೋಗುತ್ತಂತೆ, ಮನಸ್ಸಿನ ಬೇಜಾರೂ ಹೋಗುತ್ತಂತೆ. ಹಾಗಾದ್ರೆ ಉಬ್ಬಸದ ಪಂಪು ಬಿಡಬಹುದಾ?” ಈ ಪ್ರಶ್ನೆಗೆ ಎಲ್ಲರೂ ಉತ್ತರ ತಿಳಿದಿರಬೇಕು.

ಮಳೆಗಾಲದಲ್ಲಿ ದೋಸೆ ಹಿಟ್ಟು ಹುಳಿ ಬರಲೆಂದು ಪಾತ್ರೆಯನ್ನು ಒಲೆಯ ಹತ್ತಿರ ಇಡುತ್ತೇವಲ್ಲವೇ? ಬೆಚ್ಚಗಿದ್ದರೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಬೆಳೆದು ಹಿಟ್ಟನ್ನು ಉಬ್ಬಿಸುತ್ತವೆ. ಹಾಲನ್ನು ಮೊಸರು ಮಾಡುವುದೂ ಇಂಥವೇ. ನಮ್ಮ ಕರುಳಿನಲ್ಲೂ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ದೇಹದ ರೋಗನಿರೋಧಕ ಶಕ್ತಿಗೂ ಅವುಗಳಿಗೂ ಸಂಬಂಧವಿದೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಅದರಲ್ಲಿದ್ದವರು 36 ಮಂದಿ ಆರೋಗ್ಯವಂತರು. ಅವರಲ್ಲಿ ಅರ್ಧ ಜನ 10 ವಾರ ಮೊಸರಿನಂಥ ಹುಳಿ ಬಂದ ಆಹಾರವನ್ನು ಹೆಚ್ಚು ತಿಂದರು. ಅವರ ಕರುಳಿನಲ್ಲಿ ಬೇರೆ ಬೇರೆ ಬಗೆಯ ಸೂಕ್ಷ್ಮಜೀವಿಗಳು ಹೆಚ್ಚಾದವು. ರಕ್ತದಲ್ಲಿ ಉರಿಯೂತವನ್ನು ಸೂಚಿಸುವ 19 ಪ್ರೋಟೀನುಗಳು ಕಡಿಮೆಯಾದವು. ಇದು ಒಳ್ಳೆಯ ಸುದ್ದಿ. ಆದರೆ ಇದರಿಂದ ಅಲರ್ಜಿ ಅಥವಾ ಖಿನ್ನತೆ ವಾಸಿಯಾಗುತ್ತದೆಂದು ಅರ್ಥವಲ್ಲ. ಮನಸ್ಸಿನ ಸ್ಥಿತಿಗೆ ಸಂಬಂಧಿಸಿದ ಸೆರೊಟೋನಿನ್ ಎಂಬ ರಾಸಾಯನಿಕದ ಹೆಚ್ಚಿನ ಪಾಲು ಕರುಳಿನಲ್ಲೇ ತಯಾರಾಗುತ್ತದೆ, ನಿಜ. ಆದರೆ ಅದು ಅಲ್ಲಿಂದ ನೇರವಾಗಿ ಮಿದುಳಿಗೆ ಹೋಗುವುದಿಲ್ಲ.

ನೆನಪಿನಲ್ಲಿಡೋಣ:

• ಇಡ್ಲಿ, ದೋಸೆ ಬೇಯುವಾಗ ಸೂಕ್ಷ್ಮಜೀವಿಗಳು ಸಾಯುತ್ತವೆ. ಆದರೂ ಅವು ಸುಲಭವಾಗಿ ಜೀರ್ಣವಾಗುತ್ತವೆ. ಜೀವಂತ ಸೂಕ್ಷ್ಮಜೀವಿಗಳು ಸಿಗುವುದು ಮನೆಯ ಮೊಸರು, ಮಜ್ಜಿಗೆಯಲ್ಲಿ.

• ಹುಳಿ ಬಂದ ಕೆಲವು ಆಹಾರಗಳಲ್ಲಿ ಹಿಸ್ಟಮಿನ್ ಇರುತ್ತದೆ. ಕೆಲವರಿಗೆ ಇದರಿಂದ ತುರಿಕೆ, ಪಿತ್ತದ ಗಂಧೆ ಹೆಚ್ಚಾಗಬಹುದು. ಏನು ತಿಂದಾಗ ಹೀಗಾಯಿತೆಂದು ಬರೆದಿಟ್ಟು ವೈದ್ಯರಿಗೆ ತೋರಿಸಿ.

• ಹಾಲಿನ ಅಲರ್ಜಿ ಇರುವ ಮಗುವಿಗೆ ವೈದ್ಯರನ್ನು ಕೇಳದೆ ಮೊಸರು ಕೊಡಬೇಡಿ.

• ಉಪ್ಪಿನಕಾಯಿಯಲ್ಲಿ ಉಪ್ಪು ಜಾಸ್ತಿ, ಬಿ.ಪಿ. ಇರುವವರು ಮಿತವಾಗಿ ತಿನ್ನಿ. ಬೂಷ್ಟು ಹಿಡಿದದ್ದನ್ನು ಎಸೆಯಿರಿ.

• ಉಬ್ಬಸದ ಪಂಪು, ಮಾತ್ರೆಗಳನ್ನು ವೈದ್ಯರು ಹೇಳದೆ ನಿಲ್ಲಿಸಲೇಬೇಡಿ. ಉಸಿರು ಕಟ್ಟಿದರೆ, ತುಟಿ ನಾಲಿಗೆ ಊದಿಕೊಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ.

• ಎರಡು ವಾರಕ್ಕೂ ಹೆಚ್ಚು ಬೇಸರ, ನಿದ್ದೆ ಇಲ್ಲದಿರುವುದು, ಯಾವ ಕೆಲಸದಲ್ಲೂ ಮನಸ್ಸಿಲ್ಲದಿರುವುದು ಇದ್ದರೆ ಅದು ಸೋಮಾರಿತನ ಅಲ್ಲ, ಚಿಕಿತ್ಸೆ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೇಳಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಫೋನ್ ಮಾಡಬಹುದು.

ಮಜ್ಜಿಗೆ ಕುಡಿಯೋಣ, ಮಕ್ಕಳಿಗೂ ಕೊಡೋಣ. ಆದರೆ ಮನಸ್ಸು ಸೋತವಳಿಗೆ ಮಜ್ಜಿಗೆಯೊಂದೇ ಸಾಲದು, ನಮ್ಮ ಜೊತೆಯೂ ಬೇಕು. ಎರಡು ವಾರ ಸಭೆಗೆ ಬಾರದ ಸದಸ್ಯೆಯ ಮನೆಗೆ ಹೋಗಿ ಬನ್ನಿ. “ಉಳಿತಾಯ ಯಾಕೆ ಕಟ್ಟಿಲ್ಲ?” ಎನ್ನುವ ಮೊದಲು “ಹೇಗಿದ್ದೀಯಮ್ಮಾ?” ಎಂದು ಕೇಳಿ.