ಪುಷ್ಟಿಯ ಪುಡಿಗಳು

ಹಂಪನಕಟ್ಟೆಯಿಂದ ಬಿಜೈಯವರೆಗೆ, ಕದ್ರಿಯಿಂದ ಸುರತ್ಕಲ್ಲಿನವರೆಗೆ ಮಂಗಳೂರಿನಲ್ಲಿ ಜಿಮ್ಮಿಲ್ಲದ ಬೀದಿ ಅಪೂರ್ವವಾಗುತ್ತಿರುವ ಈ ದಿನಗಳಲ್ಲಿ, ಅವುಗಳ ಆಸುಪಾಸಿನಲ್ಲಿಯೇ ಕಪ್ಪು ಡಬ್ಬಿಗಳನ್ನು ಸಾಲಾಗಿ ಜೋಡಿಸಿಟ್ಟ ಅಂಗಡಿಗಳೂ ತಲೆಯೆತ್ತಿವೆ. ವ್ಯಾಸಂಗಕ್ಕೆಂದು ಕೇರಳದಿಂದಲೂ ಘಟ್ಟದ ಮೇಲಿನಿಂದಲೂ ಬಂದಿರುವ ತರುಣರು, ಇಲ್ಲಿಯವರೇ ಆದ ಕೃಶಾಂಗರು, ಮನೆಯಲ್ಲಿ ಮದುವೆಯ ಮಾತು ಮೊದಲಾದ ಮೇಲೆ ತಮ್ಮ ತೋಳುಗಳ ಕಡೆಗೆ ಚಿಂತೆಯಿಂದ ನೋಡಿಕೊಳ್ಳತೊಡಗಿದ ಉದ್ಯೋಗಸ್ಥರು, ಎಲ್ಲರೂ ಆ ಡಬ್ಬಿಗಳ ಮುಂದೆ ನಿಂತು ಕೇಳುವ ಪ್ರಶ್ನೆ ಒಂದೇ: ‘ವೇ ಸಾಕೋ, ಗೇನರ್ ಬೇಕೋ?’

ಇವೆರಡರ ಅಂತರವನ್ನು ಅರಿಯದೆ ಹಣ ತೆರುವವರು ಬಹಳ. ವೇ ಎಂಬುದು ಹಾಲನ್ನು ಒಡೆದು ಚೀಸನ್ನು ಬೇರ್ಪಡಿಸಿದ ಮೇಲೆ ಉಳಿಯುವ ತಿಳಿನೀರನ್ನು ಸೋಸಿ ಒಣಗಿಸಿದ ಪುಡಿ. ಒಂದು ಕಾಲಕ್ಕೆ ಐರೋಪ್ಯರು ಆ ನೀರನ್ನು ಹಂದಿಗಳಿಗೆ ಕುಡಿಸುತ್ತಿದ್ದರು. ಅದರ ಕಾನ್ಸಂಟ್ರೇಟಿನಲ್ಲಿ ನೂರಕ್ಕೆ 80ರವರೆಗೆ, ಐಸೊಲೇಟಿನಲ್ಲಿ 90ರಷ್ಟು ಪ್ರೋಟೀನು ಇರುತ್ತದೆ. ಗೇನರಿನ ಬಹುಭಾಗವಾದರೋ ಮಾಲ್ಟೊಡೆಕ್ಸ್‌ಟ್ರಿನ್, ಅಂದರೆ ಪಿಷ್ಟವನ್ನು ತುಂಡರಿಸಿ ಮಾಡಿದ, ಸಕ್ಕರೆಯಂತೆಯೇ ಶೀಘ್ರವಾಗಿ ನೆತ್ತರಿಗೆ ಸೇರುವ ಹುಡಿ. ಮನೆಯ ಕುಚ್ಚಲಕ್ಕಿ ಗಂಜಿಯನ್ನು ತುಚ್ಛೀಕರಿಸಿ ಬಂದ ಹುಡುಗನಿಗೆ ಅದಕ್ಕಿಂತ ಕೆಳದರ್ಜೆಯ ಪಿಷ್ಟವನ್ನೇ ಚಾಕೊಲೇಟಿನ ಪರಿಮಳ ಬೆರೆಸಿ ಮಾರುವ ವ್ಯಾಪಾರಚಾತುರ್ಯಕ್ಕೆ ತಲೆದೂಗಲೇಬೇಕು.

ಮೈ ತುಂಬಿಸಿಕೊಳ್ಳುವ ಹಂಬಲ ಹೊಸತೇನೂ ಅಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅತಿಸ್ಥೂಲರನ್ನೂ ಅತಿಕೃಶರನ್ನೂ ಕುರಿತೇ ಒಂದು ಅಧ್ಯಾಯವುಂಟು; ಎರಡೂ ನಿಂದ್ಯವೆಂದ ಆಚಾರ್ಯನು, ಆರಿಸಲೇಬೇಕಾದರೆ ಕಾರ್ಶ್ಯವೇ ಲೇಸು ಎಂದಿದ್ದಾನೆ. ಕೃಶರು ಪುಷ್ಟರಾಗಲು ಆತ ಹೇಳುವ ಉಪಾಯಗಳಲ್ಲಿ ಪೌಷ್ಟಿಕಾಹಾರದ ಜೊತೆಗೆ ನಿಶ್ಚಿಂತೆಯೂ ನಿದ್ರೆಯೂ ಸೇರಿವೆ. ಪರೀಕ್ಷೆಯ ಭಯದಲ್ಲಿ ರಾತ್ರಿ ಎರಡು ಗಂಟೆಯವರೆಗೆ ಮೊಬೈಲು ಹಿಡಿದು ಎಚ್ಚರಿರುವ ವಿದ್ಯಾರ್ಥಿಗೆ ಈ ಎರಡನ್ನು ಯಾವ ಡಬ್ಬಿಯೂ ಒದಗಿಸಲಾರದು.

ತೂಕವೇ ಬಲವೆಂಬ ಭ್ರಾಂತಿಯೂ ಇಲ್ಲಿ ಕೆಲಸಮಾಡುತ್ತದೆ. ಕುಂದಾಪುರದ ಕಡೆಯ ಗುರುರಾಜ ಪೂಜಾರಿ, ಟ್ರಕ್ ಚಾಲಕರೊಬ್ಬರ ಮಗ, ಉಜಿರೆಯ ಎಸ್‌ಡಿಎಂ ಕಾಲೇಜಿನಲ್ಲಿ ಓದುತ್ತ ಭಾರ ಎತ್ತುವುದನ್ನು ಅಭ್ಯಾಸಮಾಡಿದವರು. 2018ರಲ್ಲಿ ಗೋಲ್ಡ್ ಕೋಸ್ಟಿನ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಮೊದಲ ಪದಕವಾದ ಬೆಳ್ಳಿಯನ್ನು ತಂದಾಗ ಅವರು ಸ್ಪರ್ಧಿಸಿದ್ದು 56 ಕಿಲೋ ವರ್ಗದಲ್ಲಿ, ಎತ್ತಿದ್ದು ಒಟ್ಟು 249 ಕಿಲೋ. ನಾಲ್ಕು ವರ್ಷಗಳ ತರುವಾಯ ಬರ್ಮಿಂಗ್‌ಹ್ಯಾಮಿನಲ್ಲಿ 61 ಕಿಲೋ ವರ್ಗಕ್ಕೆ ಏರಿ 269 ಕಿಲೋ ಎತ್ತಿ ಕಂಚು ಗೆದ್ದರು. ‘ಐವತ್ತಾರೇ ಕಿಲೋ’ ಎಂದು ಕನ್ನಡಿಯ ಮುಂದೆ ಕೊರಗುವ ಹುಡುಗನು ಆ 249ನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬಹುದು.

ಇನ್ನು ಲೆಕ್ಕಕ್ಕೆ ಬರೋಣ. ಭಾರದ ವ್ಯಾಯಾಮ ಮಾಡುವವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನವೊಂದಕ್ಕೆ 1.6 ಗ್ರಾಂ ಪ್ರೋಟೀನು ದೊರೆತರೆ, ಅದರಿಂದಾಚೆಗೆ ಮಾಂಸಖಂಡಕ್ಕೆ ಆಗುವ ಲಾಭ ಅತ್ಯಲ್ಪವೆಂದು 49 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2018ರ ವಿಶ್ಲೇಷಣೆಯೊಂದು ತೋರಿಸಿತು. ಅರುವತ್ತು ಕಿಲೋ ತೂಗುವವನಿಗೆ ಇದು 96 ಗ್ರಾಂ ಆಯಿತು. ಇನ್ನೂರು ಗ್ರಾಂ ಬಂಗುಡೆಯಲ್ಲಿ 38, ಮೂರು ಮೊಟ್ಟೆಗಳಲ್ಲಿ 18, ಅರ್ಧ ಲೀಟರು ಹಾಲಿನಲ್ಲಿ 16, ದಿನದ ಕುಚ್ಚಲಕ್ಕಿ ಮುನ್ನೂರು ಗ್ರಾಮಿನಲ್ಲಿ ಇಪ್ಪತ್ತರ ಮೇಲೆ: ಇಷ್ಟಕ್ಕೇ ತೊಂಬತ್ತು ದಾಟಿತು. ಮೇಲೆ ಐವತ್ತು ಗ್ರಾಂ ಹುರುಳಿಯ ಸಾರೋ ಚಟ್ನಿಯೋ ಸೇರಿದರೆ ಮತ್ತೆ ಹನ್ನೊಂದು. ಕಂಬಳದ ಕೋಣಗಳಿಗೆ ಹುರುಳಿಯನ್ನು ಬೇಯಿಸಿ ತಿನ್ನಿಸುವ ಯಜಮಾನರು ಕೋಣದ ವಿಷಯದಲ್ಲಿ ತೋರುವ ವಿವೇಕವನ್ನು ಮಗನ ವಿಷಯದಲ್ಲಿ ಮರೆತು ಡಬ್ಬಿಗೆ ಹಣ ಕೊಡುವುದನ್ನು ಕಂಡಾಗ ನನಗೆ ನಗು ಬರುವುದುಂಟು.

ಆದರೆ ಪುಡಿಯನ್ನು ಸರ್ವಥಾ ನಿಷೇಧಿಸುವವರ ಪಂಗಡಕ್ಕೂ ನಾನು ಸೇರಲಾರೆ. ಹಾಸ್ಟೆಲಿನ ಊಟದಲ್ಲಿ ಅನ್ನವೂ ನೀರುಸಾರೂ ಯಥೇಚ್ಛ, ಪ್ರೋಟೀನು ವಿರಳ. ಜೂನ್ ಮೊದಲ ದಿನದಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯದೆ ಮೀನಿನ ಬೆಲೆ ಗಗನಕ್ಕೇರಿದಾಗ ಬಾಡಿಗೆಯ ಕೋಣೆಯಲ್ಲಿರುವವನು ಒಂದು ಸ್ಕೂಪ್ ವೇ ಕಲಸಿ ಕುಡಿದರೆ ಅದು ಹಾಲಿನ ಒಂದು ಅಂಶವೇ ಹೊರತು ಅಪಚಾರವಲ್ಲ. ಅದೇ ಅಂಗಡಿಗಳು ಮಾರುವ ಕ್ರಿಯಾಟಿನ್ ಕೂಡ ಮಾಯಾವಸ್ತುವಲ್ಲ: 1832ರಲ್ಲಿ ಫ್ರಾನ್ಸಿನ ಶೆವ್ರೂಲ್ ಮಾಂಸದ ಸಾರಿನಲ್ಲಿ ಕಂಡುಹಿಡಿದ ಈ ಪದಾರ್ಥ ಮೀನಿನಲ್ಲಿಯೂ ಇದೆ, ದಿನಕ್ಕೆ ಮೂರರಿಂದ ಐದು ಗ್ರಾಂ ಸೇವಿಸಿದವರಿಗೆ ಭಾರ ಎತ್ತುವ ಶಕ್ತಿ ತುಸು ಹೆಚ್ಚುವುದು ಸಿದ್ಧವಾದ ಸಂಗತಿ. ಮೊದಲ ವಾರದಲ್ಲಿ ಏರುವ ಒಂದೆರಡು ಕಿಲೋ ಮಾತ್ರ ಸ್ನಾಯುಗಳು ಹೀರಿಕೊಂಡ ನೀರು. ಕ್ರಿಯಾಟಿನ್ ಸೇವಿಸುವವರ ರಕ್ತದಲ್ಲಿ ಮೂತ್ರಪಿಂಡಗಳ ಸ್ಥಿತಿಯನ್ನು ಸೂಚಿಸುವ ಕ್ರಿಯಾಟಿನಿನ್ ಅಂಕಿ, ಅವು ಸುಸ್ಥಿತಿಯಲ್ಲಿದ್ದರೂ ಏರಬಹುದಾದುದರಿಂದ, ಪರೀಕ್ಷೆಗೆ ಮುನ್ನವೇ ವೈದ್ಯರಿಗೆ ತಿಳಿಸತಕ್ಕದ್ದು.

ಅಪಾಯವಿರುವುದು ಡಬ್ಬಿಯ ಮೇಲೆ ಬರೆದುದಕ್ಕೂ ಒಳಗಿರುವುದಕ್ಕೂ ನಡುವಣ ಅಂತರದಲ್ಲಿ. ಕೇರಳದ ವೈದ್ಯರು ಮುಂದಾಗಿ ಭಾರತದಲ್ಲಿ ಮಾರಾಟವಾಗುವ 36 ಪ್ರೋಟೀನು ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೂರಕ್ಕೆ ಸುಮಾರು 70ರಷ್ಟು ಪುಡಿಗಳ ಪ್ರೋಟೀನಿನ ಲೆಕ್ಕ ತಪ್ಪಾಗಿದ್ದಿತು; ಕೆಲವುಗಳಲ್ಲಿ ಸಾರಿದುದರ ಅರ್ಧ ಮಾತ್ರವೇ ಇದ್ದಿತು; ನೂರಕ್ಕೆ 14ರಷ್ಟರಲ್ಲಿ ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್ ದೊರೆಯಿತು. ಅದೇ ವರ್ಷ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ ಮೈ ಬೆಳೆಸಲು ಪ್ರೋಟೀನು ಪುಡಿಗಳನ್ನು ಅವಲಂಬಿಸಬಾರದೆಂದು ತನ್ನ ಆಹಾರಸೂತ್ರಗಳಲ್ಲಿ ಹೇಳಿತು.

ಇದಕ್ಕಿಂತ ಕೇಡಿನದು ‘ದಪ್ಪಗಾಗುವ ಮಾತ್ರೆ’. ಅಲರ್ಜಿಯ ಔಷಧವಾದ ಸಿಪ್ರೊಹೆಪ್ಟಡಿನ್ ಹಸಿವನ್ನು ಕೆರಳಿಸುತ್ತದೆ. ಅದಕ್ಕೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡನ್ನು ಜೋಡಿಸಿ ನುಂಗಿದವರ ಮುಖ ತುಂಬಿಕೊಂಡಂತೆ ಕಾಣುವುದು ಊತದಿಂದ, ಪುಷ್ಟಿಯಿಂದಲ್ಲ, ಮತ್ತು ತಿಂಗಳುಗಟ್ಟಲೆ ನುಂಗಿ ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಸಂಚಕಾರ ಬಂದೀತು. ಬಲದ ಆತುರ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ 1904ರ ಸೇಂಟ್ ಲೂಯಿ ಒಲಿಂಪಿಕ್ಸಿನ ಮ್ಯಾರಥಾನ್ ಸಾಕ್ಷಿ: ಗೆದ್ದ ಥಾಮಸ್ ಹಿಕ್ಸನಿಗೆ ದಾರಿಯಲ್ಲಿ ಕೊಟ್ಟದ್ದು ಮೊಟ್ಟೆಯ ಬಿಳಿಯ ಭಾಗ, ಬ್ರಾಂಡಿ ಮತ್ತು ಸ್ಟ್ರಿಕ್ನಿನ್. ನಮ್ಮ ಕರಾವಳಿಯ ಕಾಡುಗಳಲ್ಲಿ ಬೆಳೆಯುವ ಕಾಸರಕದ ಬೀಜದಲ್ಲಿರುವ ವಿಷವೇ ಅದು.

ಉಂಡರೂ ಮೈ ಹತ್ತದವರು, ಅದರಲ್ಲಿಯೂ ಕಾರಣವಿಲ್ಲದೆ ತೂಕ ಇಳಿಯುತ್ತಿರುವವರು, ಡಬ್ಬಿಯ ಅಂಗಡಿಗೆ ಹೋಗುವ ಮೊದಲು ಥೈರಾಯ್ಡು, ಮಧುಮೇಹ, ಕ್ಷಯಗಳ ಪರೀಕ್ಷೆಯನ್ನು ಮಾಡಿಸಿಕೊಳ್ಳಬೇಕು. ಹಂಪನಕಟ್ಟೆಯ ಅಂಗಡಿಗಳಿಗೆ ಕೂಗಳತೆಯಲ್ಲಿಯೇ ವೆನ್ಲಾಕ್ ಆಸ್ಪತ್ರೆ ಇದೆ. 1848ರಿಂದ ಊರಿನ ಬಡವರನ್ನು ನೋಡಿಕೊಂಡು ಬಂದಿರುವ ಆ ಸರಕಾರಿ ಆಸ್ಪತ್ರೆಯಲ್ಲಿ ಕ್ಷಯದ ಕಫಪರೀಕ್ಷೆಗೆ ಹಣ ಕೊಡಬೇಕಾಗಿಲ್ಲ.