ಲಾರಿಯ ಫೀಡ್ ಪಂಪ್: ಯಾಂತ್ರಿಕವೋ, ವಿದ್ಯುತ್ತಿನದೋ?

ಹಾನಗಲ್ಲಿನಿಂದ ಹೊರಟ ಲಾರಿ ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದು ಕುಮಟಾ ಸೇರುವವರೆಗೆ ಯಾವ ತಕರಾರೂ ಮಾಡುವುದಿಲ್ಲ. ಮರಳುವಾಗ ಹೊರೆ ಹೊತ್ತು ಅದೇ ಘಟ್ಟ ಏರತೊಡಗಿದರೆ ಎಂಜಿನ್ ತಡವರಿಸುತ್ತದೆ, ಎಳೆತ ಕುಗ್ಗುತ್ತದೆ, ಕೊನೆಗೆ ನಿಂತೇ ಬಿಡುತ್ತದೆ. ಕ್ಲೀನರ್ ಇಳಿದು ಫಿಲ್ಟರಿನ ತಿರುಪು ಸಡಿಲಿಸಿ, ಕೈಪಂಪು ಒತ್ತಿ, ನೊರೆ ನೊರೆ ಡೀಸೆಲ್ ಹೊರಗೆ ಬಿಟ್ಟಮೇಲೆ ಮತ್ತೆ ಚಾಲೂ. "ಏರ್ ಹಿಡದೈತ್ರಿ ಅಣ್ಣಾರ" ಎಂಬ ಈ ಮಾತು ಶಿಗ್ಗಾಂವಿ, ಬಂಕಾಪುರಗಳ ಹೆದ್ದಾರಿ ಬದಿಯ ಗ್ಯಾರೇಜುಗಳಲ್ಲಿ ಹೊಸದಲ್ಲ. ಈಗ ಅದಕ್ಕೆ ಪರಿಹಾರವಾಗಿ "ಹಳೆ ಫೀಡ್ ಪಂಪ್ ತೆಗೆದು ಕರೆಂಟಿನ ಪಂಪ್ ಹಾಕಿಸಿ" ಎಂಬ ಸಲಹೆಯೂ ಕೇಳಿಬರುತ್ತದೆ. ಸಲಹೆ ತಪ್ಪೇನಲ್ಲ. ಆದರೆ ಅರ್ಧ ತಿಳಿದು ಮಾಡಿದರೆ ಎಂಜಿನ್ನೇ ಹಾಳಾಗಬಹುದು.

ಡೀಸೆಲ್ ಲಾರಿಯಲ್ಲಿ ಪಂಪುಗಳು ಎರಡು. ನಾಜಲ್‌ಗಳಿಗೆ ನೂರಾರು ಪಟ್ಟು ವಾಯುಭಾರದ ಒತ್ತಡದಲ್ಲಿ ಇಂಧನ ನುಗ್ಗಿಸುವುದು ಇಂಜೆಕ್ಷನ್ ಪಂಪ್. ನಮ್ಮ ಚಾಲಕರು ಇದನ್ನು ಬಹುಕಾಲ 'ಮೈಕೋ ಪಂಪ್' ಎಂದೇ ಕರೆದರು. 1951ರಲ್ಲಿ ಆರಂಭವಾದ ಬೆಂಗಳೂರಿನ ಮೋಟಾರ್ ಇಂಡಸ್ಟ್ರೀಸ್ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಹಳಬರ ಬಾಯಲ್ಲಿ ಅದು ಮೈಕೋ ಆಗಿಯೇ ಉಳಿದಿದೆ. ಟ್ಯಾಂಕಿನಿಂದ ಡೀಸೆಲ್ ಎಳೆದು, ಫಿಲ್ಟರ್ ಹಾಯಿಸಿ, ಈ ದೊಡ್ಡ ಪಂಪಿನ ಬಾಯಿಗೆ ತಂದು ಕೊಡುವ ಚಿಕ್ಕ ಸಾಧನವೇ ಫೀಡ್ ಪಂಪ್. ಕೊಡುವ ಒತ್ತಡ ಹೆಚ್ಚಿನ ಲಾರಿಗಳಲ್ಲಿ ವಾಯುಭಾರದ ಒಂದೆರಡು ಪಟ್ಟು ಮಾತ್ರ.

ಯಾಂತ್ರಿಕ ಫೀಡ್ ಪಂಪಿನಲ್ಲಿ ಎರಡು ಬಗೆ. ಒಂದರಲ್ಲಿ ಪಿಸ್ಟನ್ನಿನಂಥ ಪ್ಲಂಜರ್ ಇದ್ದು, ಅದು ಇಂಜೆಕ್ಷನ್ ಪಂಪಿನ ಮಗ್ಗುಲಿಗೇ ಅಂಟಿಕೊಂಡು ಅದರ ಕ್ಯಾಮ್ ದಂಡದಿಂದ ನಡೆಯುತ್ತದೆ. ಇದರಲ್ಲೊಂದು ಜಾಣತನವಿದೆ. ಡೀಸೆಲನ್ನು ಮುಂದಕ್ಕೆ ತಳ್ಳುವುದು ಕ್ಯಾಮ್ ಅಲ್ಲ, ಒಳಗಿರುವ ಸ್ಪ್ರಿಂಗ್. ಮುಂದೆ ಡೀಸೆಲ್ ಖರ್ಚಾಗದೆ ಒತ್ತಡ ಏರಿದರೆ ಸ್ಪ್ರಿಂಗ್ ಸೋತು ಪ್ಲಂಜರ್ ನಡುವೆಯೇ ನಿಲ್ಲುತ್ತದೆ. ಖರ್ಚಾದಂತೆ ಮತ್ತೆ ಚಲಿಸುತ್ತದೆ. ಯಾವ ಸ್ವಿಚ್ಚೂ ಇಲ್ಲದೆ ತನ್ನನ್ನು ತಾನೇ ಹತೋಟಿಯಲ್ಲಿಟ್ಟುಕೊಳ್ಳುವ ಯಂತ್ರವಿದು. ಇನ್ನೊಂದು ಬಗೆಯಲ್ಲಿ ರಬ್ಬರಿನ ಪೊರೆ ಮೇಲೆ ಕೆಳಗೆ ಆಡುತ್ತದೆ. ಇದು ಎಂಜಿನ್ನಿನ ಪಕ್ಕಕ್ಕೆ ಕೂತು, ಎಂಜಿನ್ನಿನ ಕ್ಯಾಮ್‌ನಿಂದ ನಡೆಯುತ್ತದೆ. ಪೊರೆಯ ಒಂದು ಬದಿಗೆ ಡೀಸೆಲ್, ಇನ್ನೊಂದು ಬದಿಗೆ ಎಂಜಿನ್ ಆಯಿಲ್ಲಿನ ಲೋಕ ಎಂಬುದನ್ನು ನೆನಪಿಟ್ಟುಕೊಳ್ಳಿ.

ಈಗ ಗಾಳಿಯ ವಿಷಯ. ಫೀಡ್ ಪಂಪ್ ಎಂಜಿನ್ ಬಳಿ ಇದೆ, ಟ್ಯಾಂಕ್ ದೂರದಲ್ಲಿ, ತಗ್ಗಿನಲ್ಲಿದೆ. ನಡುವಿನ ಪೈಪಿನಲ್ಲಿ ಒತ್ತಡ ಹೊರಗಿನ ವಾಯುಭಾರಕ್ಕಿಂತ ಕಡಿಮೆ. ಆದ್ದರಿಂದ ಅಲ್ಲಿ ವಾಷರ್ ಸವೆದರೆ, ಪೈಪ್ ಕೂದಲೆಳೆಯಷ್ಟು ಬಿರಿದರೆ, ಎಂಜಿನ್ ಓಡುವಾಗ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ. ಗಾಳಿ ಒಳಗೆ ನುಸುಳುತ್ತದೆ. ಸೋರಿಕೆ ಕಣ್ಣಿಗೆ ಬೀಳದಿರುವುದಕ್ಕೆ ಇದೇ ಕಾರಣ. ದ್ರವವನ್ನು ಒತ್ತಿ ಕುಗ್ಗಿಸುವುದು ಕಷ್ಟ, ಗಾಳಿಯನ್ನು ಕುಗ್ಗಿಸುವುದು ಸುಲಭ. ಇಂಜೆಕ್ಷನ್ ಪಂಪಿನೊಳಗೆ ಗುಳ್ಳೆ ಸೇರಿತೆಂದರೆ ಅದರ ಶ್ರಮವೆಲ್ಲ ಗುಳ್ಳೆ ಅದುಮುವುದರಲ್ಲೇ ಕಳೆದು, ನಾಜಲ್ ತೆರೆಯುವುದೇ ಇಲ್ಲ.

ಘಟ್ಟದಲ್ಲೇ ಏಕೆ ಕಾಟ? ಲೀಟರಿಗೆ 5 ಕಿ.ಮೀ. ಕೊಡುವ ಲಾರಿ ಸಪಾಟು ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ಓಡಿದರೆ ಖರ್ಚು ಗಂಟೆಗೆ 10 ಲೀಟರ್. ಅದೇ ಎಂಜಿನ್ ಘಟ್ಟದಲ್ಲಿ 100 ಕಿಲೋವ್ಯಾಟ್ ಶಕ್ತಿ ಕೊಡಬೇಕಾದಾಗ ಸುಮಾರು 26 ಲೀಟರ್ ಬೇಕು. ಗುಳ್ಳೆಗಳನ್ನು ಕೊಚ್ಚಿ ಟ್ಯಾಂಕಿಗೆ ಮರಳಿಸಲು, ಪಂಪನ್ನು ತಂಪಾಗಿಡಲು ಇನ್ನಷ್ಟು ಹರಿಯಬೇಕು. ಸೊರಗಿದ ಪಂಪ್ ಸಪಾಟಿನಲ್ಲಿ ಹೇಗೋ ಮಾನ ಉಳಿಸಿಕೊಂಡರೂ ಏರಿನಲ್ಲಿ ಸಿಕ್ಕಿಬೀಳುತ್ತದೆ.

ಆದರೆ ತಪ್ಪು ಪಂಪಿನದೇ ಎಂದು ಮೊದಲೇ ತೀರ್ಮಾನಿಸಬೇಡಿ. ಟ್ಯಾಂಕಿನ ಮುಚ್ಚಳ ತೆರೆದಾಗ ಬುಸ್ಸೆಂದು ಗಾಳಿ ಒಳನುಗ್ಗಿದರೆ, ಗಾಳಿಕಿಂಡಿಯಲ್ಲಿ ಎರೆಮಣ್ಣಿನ ಧೂಳು ಕೂತಿದೆ ಎಂದರ್ಥ. ಸವಣೂರು ಕಡೆಯ ಹೊಲದ ದಾರಿಗಳಲ್ಲಿ ಓಡಾಡುವ ಗಾಡಿಗಳಿಗೆ ಇದು ಆಗುವಂಥದ್ದೇ. ಜಾಲರಿ ಕಟ್ಟಿಕೊಂಡಿದೆಯೇ ನೋಡಿ. ಆಮೇಲೆ ಅನುಭವಿ ಮೆಕ್ಯಾನಿಕರ ಹಳೆಯ ಪರೀಕ್ಷೆ ಮಾಡಿ. ಶುದ್ಧ ಡೀಸೆಲ್ಲಿನ ಕ್ಯಾನೊಂದನ್ನು ಫೀಡ್ ಪಂಪಿಗಿಂತ ಎತ್ತರದಲ್ಲಿ, ಸೈಲೆನ್ಸರಿನ ಬಿಸಿಯಿಂದ ದೂರ ಕಟ್ಟಿ, ಅದರ ಕೊಳವೆಯನ್ನು ಪಂಪಿಗೆ ಕೊಟ್ಟು ಎಂಜಿನ್ ಓಡಿಸಿ. ಕಾಟ ನಿಂತರೆ ದೋಷ ಟ್ಯಾಂಕ್ ಮತ್ತು ಪಂಪಿನ ನಡುವಿನ ದಾರಿಯಲ್ಲಿದೆ, ಪೈಪ್ ಬದಲಿಸಿದರೆ ಸಾಕು. ನಿಲ್ಲದಿದ್ದರೆ ಪಂಪನ್ನು ಶಂಕಿಸಬಹುದು, ಮುಂದಿನ ಫಿಲ್ಟರನ್ನೂ. ನನ್ನ ಅಭಿಪ್ರಾಯದಲ್ಲಿ ಈ ಪರೀಕ್ಷೆ ಮಾಡದೆ ಹೊಸ ಪಂಪ್ ಕೊಳ್ಳುವುದು ದುಡ್ಡು ಚೆಲ್ಲಿದಂತೆ.

ಹಾಗಾದರೆ ವಿದ್ಯುತ್ ಪಂಪಿನ ಲಾಭವೇನು? ಅದನ್ನು ಎಂಜಿನ್ನಿನ ಬಳಿ ಇಡಬೇಕಾಗಿಲ್ಲ. ಟ್ಯಾಂಕಿನ ಪಕ್ಕದಲ್ಲೇ, ತಗ್ಗಿನಲ್ಲಿ ಕೂರಿಸಿದರೆ ಉದ್ದನೆಯ ಪೈಪಿನಲ್ಲಿ ಎಳೆತದ ಬದಲು ತಳ್ಳಾಟ ಇರುತ್ತದೆ. ಸೋರಿದರೆ ಡೀಸೆಲ್ ಹೊರಗೆ ಕಾಣಿಸುತ್ತದೆ, ಗಾಳಿ ಒಳಹೋಗುವುದಿಲ್ಲ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲೂ ಕೀಲಿ ತಿರುವಿದೊಡನೆ ಪೈಪ್ ತುಂಬಿಕೊಳ್ಳುತ್ತದೆ. ಹಿರೇಕೆರೂರಿನ ಗೋವಿನಜೋಳದ ಸುಗ್ಗಿ ಮುಗಿದ ಮೇಲೆ ಸುಮ್ಮನೆ ನಿಲ್ಲುವ ಲಾರಿಗಳಿಗೆ ಇದು ಉಪಕಾರವೇ.

ಪಂಪನ್ನು ಎಲ್ಲಿಡಬೇಕೆಂಬುದಕ್ಕೆ ಅಮೆರಿಕದಲ್ಲಿ ದೊಡ್ಡ ಪಾಠವೊಂದು ಸಿಕ್ಕಿತು. ಅಲ್ಲಿನ ಡಾಡ್ಜ್ ಪಿಕಪ್ ಗಾಡಿಗಳಿಗೆ 5.9 ಲೀಟರ್ ಕಮ್ಮಿನ್ಸ್ ಎಂಜಿನ್ ಇತ್ತು. ನಮ್ಮಲ್ಲಿ ಟಾಟಾ ಲಾರಿಗಳಿಗೆ ಬಂದದ್ದೂ ಇದೇ ಕುಟುಂಬದ್ದು. 1998ರ ನಡುವಿನಿಂದ 2002ರವರೆಗಿನ ಮಾದರಿಗಳಲ್ಲಿ ಯಾಂತ್ರಿಕ ಪಂಪ್ ಬಿಟ್ಟು, ವಿದ್ಯುತ್ ಪಂಪನ್ನು ಎಂಜಿನ್ನಿನ ಮೈಗೇ ಜೋಡಿಸಿದರು. ದೂರದ ಟ್ಯಾಂಕಿನಿಂದ ಎಳೆಯುವ ಕಷ್ಟ, ಜೊತೆಗೆ ಎಂಜಿನ್ನಿನ ಕಾವು ಮತ್ತು ಅದುರು. ಪಂಪುಗಳು ಸೋತವು. ಡೀಸೆಲ್ಲಿನಿಂದಲೇ ತಂಪು ಮತ್ತು ಜಾರುಗುಣ ಪಡೆಯುತ್ತಿದ್ದ ದುಬಾರಿ ಇಂಜೆಕ್ಷನ್ ಪಂಪುಗಳೂ ಅವುಗಳ ಹಿಂದೆಯೇ ಹೋದವು. ವಿದ್ಯುತ್ ಪಂಪನ್ನು ಹಳೆಯದರ ಜಾಗದಲ್ಲೇ ಇಟ್ಟರೆ ಅದರ ಮುಖ್ಯ ಲಾಭವನ್ನೇ ಕಳೆದುಕೊಂಡಂತೆ.

ಮೈಲೇಜು ಹೆಚ್ಚುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಗಂಟೆಗೆ 100 ಲೀಟರ್ ಡೀಸೆಲನ್ನು ಒಂದು ವಾಯುಭಾರದ ಒತ್ತಡದಲ್ಲಿ ತಳ್ಳಲು ಬೇಕಾದ ಶಕ್ತಿ 3 ವ್ಯಾಟಿಗಿಂತ ಕಡಿಮೆ. ಲಕ್ಷ ವ್ಯಾಟಿನ ಎಂಜಿನ್ನಿಗೆ ಇದು ಲೆಕ್ಕಕ್ಕೇ ಇಲ್ಲ.

ಅಪಾಯ ಇರುವುದು ಬೇರೆ ಕಡೆ. ರಬ್ಬರ್ ಪೊರೆಯ ಹಳೆ ಪಂಪನ್ನು ಹಾಗೇ ಬಿಟ್ಟು, ಅದರ ಹಿಂದೆ ವಿದ್ಯುತ್ ಪಂಪ್ ಜೋಡಿಸುವ ರೂಢಿಯುಂಟು. ಪೊರೆ ಹರಿದಿದ್ದರೆ? ಹೊಸ ಪಂಪ್ ನಿಷ್ಠೆಯಿಂದ ಡೀಸೆಲನ್ನು ಆಯಿಲ್ ಸಂಪಿಗೆ ತುಂಬುತ್ತದೆ. ಆಯಿಲ್ ತೆಳುವಾಗಿ ಬೇರಿಂಗುಗಳು ಸವೆಯುತ್ತವೆ. ಮಟ್ಟ ತೀರ ಏರಿದರೆ ಆ ಮಿಶ್ರಣವೇ ಬ್ರೀದರ್ ಮೂಲಕ ಸಿಲಿಂಡರಿಗೆ ಹೋಗಿ ಉರಿಯಬಹುದು. ಆಗ ಆಕ್ಸಿಲರೇಟರ್ ಬಿಟ್ಟರೂ, ಸ್ಟಾಪ್ ತಂತಿ ಎಳೆದರೂ ಎಂಜಿನ್ ನಿಲ್ಲದೆ ವೇಗವೇರುತ್ತಲೇ ಹೋಗುತ್ತದೆ. ಆಯಿಲ್ ಕಡ್ಡಿ ಎಳೆದಾಗ ಮಟ್ಟ ಮೊದಲಿಗಿಂತ ಏರಿದ್ದರೆ, ಡೀಸೆಲ್ ವಾಸನೆ ಬಂದರೆ, ಗಾಡಿ ಓಡಿಸಬೇಡಿ. ಪೊರೆಯ ಪಂಪನ್ನು ಪೂರ್ತಿ ಕಳಚಿ, ಅದನ್ನು ನೂಕುವ ಕಡ್ಡಿಯಿದ್ದರೆ ತೆಗೆದು, ಆ ಕಂಡಿಗೆ ಗ್ಯಾಸ್ಕೆಟ್ ಸಮೇತ ತಗಡಿನ ಮುಚ್ಚಳ ಬಿಗಿಯಬೇಕು. ಪ್ಲಂಜರ್ ಬಗೆಯದನ್ನು ದಾರಿಯಲ್ಲೇ ಉಳಿಸಿಕೊಳ್ಳಬಹುದು, ಅದರ ಕವಾಟಗಳ ಮೂಲಕ ಡೀಸೆಲ್ ಹಾಯುತ್ತದೆ. ಆದರೆ ತಳ್ಳುಕಡ್ಡಿಯ ಬಳಿ ಸವೆತವಿಲ್ಲವೆಂದು ಖಾತ್ರಿಯಾಗಿರಬೇಕು.

ಇನ್ನೊಂದು ಮಾತು. ಯಾಂತ್ರಿಕ ಪಂಪ್ ಎಂಜಿನ್ ನಿಂತೊಡನೆ ತಾನೂ ನಿಲ್ಲುತ್ತದೆ. ವಿದ್ಯುತ್ತಿನದಕ್ಕೆ ಆ ವಿವೇಕವಿಲ್ಲ. ಲಾರಿ ಪಲ್ಟಿಯಾಗಿ ಪೈಪ್ ಹರಿದಿದ್ದರೂ ಕೀಲಿ ಆನ್ ಇರುವವರೆಗೆ ಡೀಸೆಲ್ ಚಿಮ್ಮಿಸುತ್ತಲೇ ಇರುತ್ತದೆ. ಅದಕ್ಕಾಗಿ ರಿಲೇಯನ್ನು ಆಯಿಲ್ ಒತ್ತಡದ ಸ್ವಿಚ್ಚಿಗೆ ಕಟ್ಟಬೇಕು. ಆಯಿಲ್ ದೀಪದ ಸಾಮಾನ್ಯ ಸ್ವಿಚ್ಚು ನಡೆಯದು. ಅದು ಒತ್ತಡ ಇಲ್ಲದಾಗ ಮುಚ್ಚಿಕೊಳ್ಳುವಂಥದ್ದು, ನಮಗೆ ಬೇಕಾದ್ದು ಒತ್ತಡ ಬಂದಾಗ ಮುಚ್ಚಿಕೊಳ್ಳುವಂಥದ್ದು. ಚಾಲೂ ಮಾಡುವ ಮುನ್ನ ಪೈಪ್ ತುಂಬಲು ಒತ್ತುಗುಂಡಿಯೊಂದಿರಲಿ. ಪ್ಯೂಸ್ ಬ್ಯಾಟರಿಯ ಸಮೀಪದಲ್ಲಿರಲಿ. ಪಂಪ್ 12 ವೋಲ್ಟಿನದೋ 24ರದೋ ಎಂದು ಗಾಡಿಗೆ ತಕ್ಕಂತೆ ನೋಡಿ ಕೊಳ್ಳಿ. ತಂತಿಯಲ್ಲಿ ಜಿಪುಣತನ ಬೇಡ. ಹೋಗಿಬರುವ 12 ಮೀಟರಿಗೆ 0.5 ಚದರ ಮಿ.ಮೀ. ತಾಮ್ರದ ತಂತಿ ಹಾಕಿ 4 ಆಂಪಿಯರ್ ಹರಿಸಿದರೆ ದಾರಿಯಲ್ಲೇ 1.7 ವೋಲ್ಟ್ ನಷ್ಟ. 2.5 ಚದರ ಮಿ.ಮೀ. ತಂತಿಯಾದರೆ 0.34 ಮಾತ್ರ.

ಒತ್ತಡ ಎಷ್ಟಿರಬೇಕೆಂಬುದು ಇಂಜೆಕ್ಷನ್ ಪಂಪಿನ ಕೈಪಿಡಿಯಲ್ಲಿರುತ್ತದೆ. ಸಾಲು ಪ್ಲಂಜರುಗಳ ಪಂಪಿಗೆ ಒಗ್ಗುವ ಒತ್ತಡ ಚಿಕ್ಕ ಗಾಡಿಗಳ ರೋಟರಿ ಪಂಪಿಗೆ ಹೆಚ್ಚಾಗಿ, ಅದರ ಸೀಲ್ ಕಿತ್ತುಹೋಗಬಹುದು, ಟೈಮಿಂಗ್ ಕೆಡಬಹುದು. 2020ರ ಏಪ್ರಿಲ್ ನಂತರದ ಬಿ.ಎಸ್.-6 ಲಾರಿಗಳ ಮಾತೇ ಬೇರೆ. ಅವುಗಳ ಕಾಮನ್ ರೈಲ್ ವ್ಯವಸ್ಥೆಯಲ್ಲಿ ಇಂಧನದ ಒತ್ತಡವನ್ನು ಕ್ಷಣಕ್ಷಣಕ್ಕೂ ಅಳೆದು ನಿಯಂತ್ರಿಸುವುದು ಗಾಡಿಯ ಕಂಪ್ಯೂಟರ್. ಅಲ್ಲಿ ಈ ಬದಲಾವಣೆಗೆ ಕೈ ಹಾಕಬೇಡಿ.